ಮೇಲ್ನೋಟಕ್ಕೆ ಒಂದೇ ತೆರ

ಕೈದಿಗಳ ಗಡ್ಡ ಹೆರೆಯಲು ತಿಂಗಳಿಗೆರಡು ಬುಧವಾರ
ಕಾರವಾರದ ಜೈಲಿಗೆ ಹೋಗುವವನು ನಾನು.
ಕತ್ತರಿ ಎಣಿಸಿ ಒಳಗೆ ಬಿಡುತ್ತಾರೆ, ಎಣಿಸಿ ಹೊರಗೆ.
ಅವತ್ತು ಪೆಟ್ಟಿಗೆ ಬಿಚ್ಚುವ ಮೊದಲೇ ಜಮಾದಾರ ಕರೆದ:
"ಮಹಾಲೆ, ಒಂದರ್ಧ ತಾಸು ಸಾಲಲ್ಲಿ ನಿಲ್ಲು.
ಚಾ ಉಂಟು, ಐವತ್ತು ರೂಪಾಯಿ ಉಂಟು."

ಒಂಬತ್ತು ಜನ ಬೇಕಿತ್ತು, ಎಂಟು ಸಿಕ್ಕಿದ್ದರು:
ಬೈತಖೋಲದ ಬೋಟಿನವರು ನಾಲ್ವರು, ಅಣ್ಣ ತಮ್ಮ ಭಾವ ಭಾವಮೈದ,
ಬಸ್‌ಸ್ಟ್ಯಾಂಡ್ ಕ್ಯಾಂಟೀನಿನ ಹುಡುಗ, ಇಬ್ಬರು ಆಟೋದವರು,
ಒಬ್ಬ ರಿಟಾಯರ್ಡ್ ಪೋಸ್ಟ್‌ಮನ್,
ಯಾಕೆ ಬಂದನೋ ಅವನಿಗೇ ಗೊತ್ತಿಲ್ಲ.

ಹತ್ತನೆಯವನನ್ನು ಆಮೇಲೆ ತಂದರು.
ಕೈತಾನ. ಯಲ್ಲಾಪುರದ ಆಚೆಯ ಸಿದ್ದಿ.
ಬಂದರಿನ ಗೋಡೆಗೆ ಸಿಮೆಂಟು ಹೊರಲು ಘಟ್ಟ ಇಳಿದವ,
ಇಪ್ಪತ್ತೆರಡೋ ಇಪ್ಪತ್ಮೂರೋ.
ಠಾಣೆಯಲ್ಲಿ ಮೊದಲ ಪ್ರಶ್ನೆ: ಪಾಸ್‌ಪೋರ್ಟ್ ಎಲ್ಲಿ?
ನನ್ನ ಅಜ್ಜನ ಅಜ್ಜನನ್ನು ಹುಗಿದದ್ದೂ ಈ ಜಿಲ್ಲೆಯಲ್ಲೇ ಎಂದನಂತೆ.
ಅವರು ನಕ್ಕರಂತೆ:
ಕನ್ನಡ ಚಲೋ ಕಲಿತಿದ್ದೀಯ.

ಕೋಡಿಬಾಗದಲ್ಲಿ ಕರೆಂಟು ಹೋದ ರಾತ್ರಿ
ಒಂದು ಕುತ್ತಿಗೆಯ ಸರ ಹೋಗಿತ್ತು.
ಹೇಳಿಕೆಯಲ್ಲಿದ್ದದ್ದು ಎರಡೇ ಮಾತು:
ಕತ್ತಲೆ. ಕರೀ ಆಳು.
ಕತ್ತಲೆಗೆ ಕೈಕೋಳ ಹಾಕಲಾಗದು.

ತಹಶೀಲ್ದಾರರು ಸಜ್ಜನರು, ದನಿ ಎತ್ತುವವರಲ್ಲ.
ಕನ್ನಡಕ ಒರೆಸಿಕೊಂಡು ಓದಿದರು:
ಆರೋಪಿ ತನಗೆ ಬೇಕಾದ ಜಾಗದಲ್ಲಿ ನಿಲ್ಲಬಹುದು,
ಬೇಕಿದ್ದರೆ ಅಂಗಿ ಬದಲಿಸಬಹುದು,
ಇದು ಅವನ ಹಕ್ಕು.

ಕೈತಾನ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ,
ತಡವಾಗಿ ಬಂದ ನೆಂಟ ಪಂಕ್ತಿಯಲ್ಲಿ
ಖಾಲಿ ಎಲೆ ಹುಡುಕುವ ಹಾಗೆ.
ನನ್ನೆದುರು ನಿಂತು ಕೊಂಕಣಿಯಲ್ಲಿ ಕೇಳಿದ:
"ಖಂಯ್ ರಾವೂಂ, ದಾದಾ?"
ಎಲ್ಲಿ ನಿಲ್ಲಲಿ.

ಮೂವತ್ತು ವರ್ಷ ಪರರ ತಲೆಗಳಲ್ಲೇ ಬದುಕಿದವ ನಾನು.
ಸಾಲು ನೋಡಿದೆ: ಎಣ್ಣೆ ಹಚ್ಚಿ ಬಾಚಿದ್ದು,
ಉಪ್ಪುನೀರಿಗೆ ಕೆಂಚಾದದ್ದು, ಪೋಸ್ಟ್‌ಮನ್ನನ ಬೋಳು.
ಅವನ ತಲೆ ನೋಡಿದೆ: ಒತ್ತೊತ್ತು ಸುರುಳಿ,
ನನ್ನ ಪೆಟ್ಟಿಗೆಯ ಯಾವ ಬಾಚಣಿಗೆಗೂ ಬಗ್ಗದ್ದು.
ಹತ್ತು ಜಾಗ ಇತ್ತು.
ಒಂದೂ ಇರಲಿಲ್ಲ.

ಅಂಗಿಯಾದರೂ ತಗೊ ಎಂದೆ.
ಬಿಚ್ಚಿದೆವು. ಅವನದಕ್ಕೆ ಸಿಮೆಂಟಿನ ವಾಸನೆ,
ಬಗಲಲ್ಲಿ ಹೊಲಿಗೆ ಬಿಟ್ಟಿತ್ತು.
ನನ್ನದಕ್ಕೆ ಪೌಡರಿನದು, ಕಾಲರಿನಲ್ಲಿ ಯಾರದೋ ಕೂದಲು;
ಕೊರಳು ತುರಿಸಿಕೊಂಡ.
ಇಬ್ಬರಿಗೂ ಕೊಂಚ ನಗು ಬಂತು.

ಆ ಹೆಂಗಸು ಬಂದಳು.
ಪಾಪ, ಕತ್ತಿನ ಗೀರು ಇನ್ನೂ ಮಾಸಿರಲಿಲ್ಲ.
ನಮ್ಮ ಯಾರ ಮುಖವನ್ನೂ ನೋಡಲಿಲ್ಲ.
ಅವನ ಮುಖವನ್ನೂ.
ಬಾಗಿಲಿಂದಲೇ ನೆಟ್ಟಗೆ ಬಂತು ಕೈ,
ಅಕ್ಕಿಯಲ್ಲಿ ಕಲ್ಲು ಹೆಕ್ಕುವ ಕೈ;
ಭುಜ ಮುಟ್ಟಬೇಕಂತೆ, ಕಾನೂನು,
ಹೆದರಿತೋ ಹೇಸಿತೋ
ಗೇಣು ದೂರದಲ್ಲಿ ಗಾಳಿಯಲ್ಲೇ ನಿಂತಿತು.

ಮುಗಿಯಿತು. ಚಾ ಇನ್ನೂ ಆರಿರಲಿಲ್ಲ.

ಪಂಚನಾಮೆಯ ಮೂರನೆ ಸಾಲು:
"ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುವ ಹತ್ತು ಜನ."
ಓದಲು ಬರುವುದಿಲ್ಲವೆಂದು ಹೇಳುವಂತಿಲ್ಲ,
ಏಳನೆ ಇಯತ್ತೆ ಪಾಸು.
ಸಹಿ ಮಾಡಿದೆ.
ಪೋಸ್ಟ್‌ಮನ್ನೂ ಮಾಡಿದ. ಅವನ ಅಕ್ಷರ ಚೆಂದ.

ಅಂಗಿ ಮರಳಿ ಬದಲಿಸುವುದು ಯಾರಿಗೂ ನೆನಪಾಗಲಿಲ್ಲ.
ನನ್ನ ನೀಲಿ ಚೌಕಳಿಯಲ್ಲೇ ಅವನು ಒಳಗೆ ಹೋದ.
ಅವನದನ್ನು ತೊಟ್ಟು ನಾನು
ಕಾಜುಬಾಗದ ತನಕ ಸೈಕಲ್ ತುಳಿದೆ.
ಗ್ರೀನ್ ಸ್ಟ್ರೀಟ್ ತಿರುವಿನಲ್ಲಿ ಪೊಲೀಸರು
ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು.
ನಾನಾಗಿಯೇ ಬ್ರೇಕು ಹಿಡಿದೆ.
ಕೈ ಬೀಸಿದರು:
ನೀ ಹೋಗು ಮಾರಾಯ.