ಸೊನ್ನೆ

ಮೋಕಾ ರಸ್ತೆಯ ಲಾರಿ ಶೆಡ್ಡಿನ ಹಿಂದೆ
ಹುಸೇನಪ್ಪನ ಬಳಿ ನಾನು ಮೊದಲು ಕಲಿತದ್ದು
ಬ್ರಶ್ಶು ತೊಳೆಯುವುದು.
ಎರಡು ಬೇಸಿಗೆ ಬರೀ ಸೀಮೆಎಣ್ಣೆ ವಾಸನೆ.
ಮೂರನೆಯದಕ್ಕೆ ಒಂದು ತಗಡು ಕೊಟ್ಟ,
'ಸೊನ್ನೆ ಬರಿ' ಅಂದ.

ಕೆಎ ಮೂವತ್ನಾಕರ ಮುಂದೆ ನಿಲ್ಲುವ ಸೊನ್ನೆ.
ಪೆನ್ಸಿಲ್ ಗೆರೆ ಇಲ್ಲ, ಬಳೆ ಇಟ್ಟು ಸುತ್ತಿದ್ದೂ ಅಲ್ಲ.
'ಒಂದೇ ಎಳೆತ. ಉಸಿರು ಹೊರಗ ಹೋಗುವಾಗ ಹೊರಡು,
ಒಳಗ ಬರೋದ್ರೊಳಗ ಮನಿ ಮುಟ್ಟು.'
ನನ್ನ ಸೊನ್ನೆಗಳು ಬದನೆಕಾಯಿ, ಕಿವಿ, ಕಡುಬು.
ಅರಿವೆಯಲ್ಲಿ ಒರೆಸಿ ತಗಡನ್ನು ಮತ್ತೆ ಮುಂದಿಡುತ್ತಿದ್ದ.
ಬೈಯುತ್ತಿರಲಿಲ್ಲ. ಅದೇ ಕಷ್ಟ.

ಅದಿರಿನ ಲಾರಿ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ.
ಮಧ್ಯಾಹ್ನ ಮಂಡಕ್ಕಿ, ಮಿರ್ಚಿ,
ಹಲ್ಲಿಗೂ ಕೆಂಪು ದೂಳು.
ಒಂದು ದಿನ ಅವನು ಎಂಟು ಬರೆಯುವುದನ್ನು ನೋಡಿದೆ:
ಕೈ ಬರೆಯುತ್ತಿತ್ತು; ಅವನು
ಎದುರಿನ ಪಂಕ್ಚರ್ ಅಂಗಡಿಯವನ ಜೊತೆ
ಬೋರಿನ ನೀರಿಗೆ ಜಗಳ ಆಡುತ್ತಿದ್ದ.

ಆಮೇಲೆ ಅಚ್ಚಿನ ಪ್ಲೇಟು ಬಂತು.
ಸೊನ್ನೆಯನ್ನೂ ಯಂತ್ರ ಒತ್ತಿತು.
ಶೆಡ್ಡಿಗೆ ಬೀಗ.

ಈಗ ಕೌಲ್ ಬಜಾರಿನ ಮಾಳಿಗೆ ಮೇಲೆ
ಜೀನ್ಸ್ ಕಾರ್ಖಾನೆಯ ಉಳಿಕೆ ಬಟ್ಟೆ ಬಿಗಿದು,
ಸಂಡೂರಿನ ಮಣ್ಣನ್ನು ಅಗಸೆಎಣ್ಣೆಯಲ್ಲಿ ಅರೆದು
ಯಾವುದೂ ಅಲ್ಲದ್ದನ್ನು ಬರೆಯುತ್ತೇನೆ.
ನೋಡಬಂದವರು 'ಬೆಟ್ಟವಾ? ಹೊಟ್ಟೆಯಾ?' ಅನ್ನುತ್ತಾರೆ.
ಒಬ್ಬರು 'ಇದು ಝೆನ್' ಅಂದರು.
ಹುಸೇನಪ್ಪನಿಗೆ ಹೇಳಿದೆ.
'ಮಾರುತಿ ಝೆನ್ನಾ? ಆ ಗಾಡಿಗೆ
ಏನಿಲ್ಲಂದ್ರೂ ಇನ್ನೂರು ನಂಬರ್ ಬರದೀನಿ.
ಹಗುರ ಗಾಡಿ. ಹಿಂದ ಕುಂತ್ರ ಕಾಲು ಚಾಚಾಕ ಬರಂಗಿಲ್ಲ.'

ಮೊನ್ನೆ ಮೆಟ್ಟಿಲು ಹತ್ತಿ ಬಂದ, ಎರಡು ಕಡೆ ನಿಂತು.
ಒಂಬತ್ತು ದಿನದಿಂದ ಬಟ್ಟೆ ಖಾಲಿ.
ಏನು ಬರೆಯಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ.
ಅವನು ಏನೂ ಕೇಳಲಿಲ್ಲ. ದೊಡ್ಡ ಬ್ರಶ್ಶು ತೆಗೆದ,
ನಡುಗುವ ಮಣಿಕಟ್ಟನ್ನು ನಡುಗಲು ಬಿಟ್ಟ.
ಕೆಳಗೆ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿದ್ದರು.

ಸುತ್ತಿ ಬಂದ ಗೆರೆ
ಹೊರಟ ಜಾಗ ಮುಟ್ಟುವ ಮೊದಲೇ
ಬಣ್ಣ ಮುಗಿಯಿತು.
ನಾಲ್ಕು ಬೆರಳು ಬಯಲು.

ಇನ್ನೊಂದು ಬ್ರಶ್ಶು ಅದ್ದಿ ಅವನ ಮುಂದೆ ಹಿಡಿದೆ.
'ಇರಲಿ ಬಿಡು,' ಅಂದ, ಕುರ್ಚಿ ಹುಡುಕುತ್ತ,
'ಈ ಗಾಡೀನ ಯಾವ ಆರ್‌ಟಿಓದಾವ ಹಿಡೀತಾನ?
ಚಾ ಐತೇನು?'

ಚಾ ಕುದಿಯುವಷ್ಟರಲ್ಲಿ
ಎರಡೂ ಬ್ರಶ್ಶು ತೊಳೆದೆ.