ದಾನವ್ವನ ಮಾಳಿಗೆ: ಒಂದು ಅಂದಾಜು

ಟೇಪಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಕಂಡಿಕೆ ಸುತ್ತುವ ಹುಡುಗ ಮುರಿಗೆಪ್ಪನದು.
ಮೂವತ್ತೆರಡು ಅಡಿ, ಹದಿನೆಂಟು ಅಡಿ.
ನೀರಿನ ಟಾಕಿಗೆ ಇಷ್ಟು ಕಳೆ,
ಮೆಟ್ಟಿಲ ಕೋಣೆಗೆ ಇನ್ನಿಷ್ಟು.
ಕೆಳಗೆ ಎರಡು ಮಗ್ಗ. ಬನಹಟ್ಟಿಯಲ್ಲಿ ಆ ಸದ್ದು
ಕಿವಿಗಿಂತ ಮೊದಲು ಅಂಗಾಲಿಗೆ ಕೇಳುತ್ತದೆ.

ಮೂರು ಕಿಲೋವಾಟ್,
ದಿನಕ್ಕೆ ಐದೂವರೆ ತಾಸಿನ ತುಂಬು ಬಿಸಿಲು,
ಗುಣಿಸಿದೆ. ಹದಿನಾರೂವರೆ ಯೂನಿಟ್.
'ಅಷ್ಟೂ ಬರತೈತೇನ್ರಿ?'
ಇಲ್ಲವ್ವಾ. ಇಲ್ಲಿಂದ ಮುಂದೆ ಕಳೆಯುವುದೇ ನನ್ನ ಕಸುಬು.

ತಂತಿಗೆ ನೂರಕ್ಕೆ ಎರಡು. ಇನ್ವರ್ಟರಿಗೆ ನಾಲ್ಕು.
ಕಾವಿಗೆ ಹನ್ನೆರಡು:
ಫಲಕಕ್ಕೆ ಬಿಸಿಲು ಬೇಕು, ಬಿಸಿ ಬೇಡ.
'ನಮ್ಮ ಹಿರೇ ಅಳಿಯ ಹಂಗ,' ಅಂದಳು ದಾನವ್ವ,
'ಊಟ ಬೇಕು, ಬೆವರು ಬ್ಯಾಡ.'

ಧೂಳಿಗೆ ಐದು ಎಂದು ಬರೆಯುವಾಗ
ಪ್ಯಾರಾಪೆಟ್ಟಿನ ಮೇಲೆ ಬೆರಳೆಳೆದು ತೋರಿಸಿದಳು.
ಮಣ್ಣಲ್ಲ. ಬೆಳ್ಳಗೆ, ಮೆತ್ತಗೆ,
ಕಿಟಕಿಯಿಂದ ಮೇಲೇರಿ ಬಂದ ಹತ್ತಿಯ ನವಿರು.
'ಇದಕ್ಕೇನ ಬರೀತೀರಿ?'
ನಮ್ಮ ಫಾರಂನಲ್ಲಿ ಹತ್ತಿಗೆ ಕಾಲಂ ಇರಲಿಲ್ಲ.
ಧೂಳಿನ ಪಕ್ಕದಲ್ಲೇ ಸಣ್ಣಗೆ ಇನ್ನೊಂದು ಮೂರು ಸೇರಿಸಿದೆ.

ಇನ್ನು ನೆರಳು.
ಫೋನು ಎತ್ತಿ ಆಕಾಶಕ್ಕೆ ಹಿಡಿದೆ,
ಅದು ಸೂರ್ಯನ ವರ್ಷದ ದಾರಿಯನ್ನೆಲ್ಲ
ಹಳದಿ ಗೆರೆಯಲ್ಲಿ ಬಿಡಿಸಿತು.
ದಾನವ್ವ ಇಣುಕಿ ನೋಡಿದಳು, ಇಟ್ಟಂಗಿ ಚೂರೊಂದು ಹೆಕ್ಕಿದಳು,
ಬಗ್ಗಿ ನೆಲದ ಮೇಲೆ ತಾನೂ ಗೆರೆ ಹಾಕಿದಳು.
'ಟಾಕಿ ನೆಳ್ಳು ಯುಗಾದಿಗೆ ಇಲ್ಲಿತನ.
ದೀಪಾವಳಿ ದಾಟಿದ್ರ ಇಲ್ಲಿತನ, ಮೂರಕ್ಕ ಬಂದಬಿಡತೈತಿ.
ಆ ಕಡೆ ಈರಬಸಪ್ಪ ಮಹಡಿ ಎಬ್ಬಿಸಿದಾಗಿಂದ
ಈ ಮೂಲ್ಯಾಗ ನಾ ಮೆಣಸಿನಕಾಯಿನೂ ಹಾಕೂದಿಲ್ಲ.
ಶ್ರಾವಣದಾಗಂತೂ ಬಿಡ್ರಿ,
ಹನಿ ಉದುರಸದ ಮಾಡಾನೂ ನೆಳ್ಳು ಮಾತ್ರ ಕೊಡತಾವ.'

ಫೋನಿಗೆ ಸೂರ್ಯ ಗೊತ್ತು.
ಈರಬಸಪ್ಪ ಗೊತ್ತಿಲ್ಲ.
ಮೂವತ್ತು ವರ್ಷದ ಶ್ಯಾವಿಗೆ, ಹಪ್ಪಳ, ಸಂಡಿಗೆ
ಒಣಗಿಸಿದ ಕೈ ಹಾಕಿದ ಗೆರೆಯನ್ನು
ನಾನು ಟೇಪು ಹಿಡಿದು ಅಳೆದು ಬರೆದುಕೊಂಡೆ.
ಹನ್ನೊಂದೂವರೆ.

'ಚಲೋ. ಎಲ್ಲಿ ಕುಂದರಸ್ತೀರಿ?'
ನಡುವೆ, ಎಂದು ತೋರಿಸಿದೆ.
ಆಕೆ ಏನೂ ಅನ್ನಲಿಲ್ಲ.
ನಾನು ತೋರಿಸಿದ ಜಾಗದಲ್ಲಿ
ಹಳೆಯ ಇಳಕಲ್ಲ ಸೀರೆಯೊಂದು ಹಾಸಿತ್ತು, ನಾಲ್ಕು ಮೂಲೆಗೆ ನಾಲ್ಕು ಕಲ್ಲು,
ಮೇಲೆ ಬೆಳಿಗ್ಗೆ ಒತ್ತಿದ ಸಂಡಿಗೆ,
ಇನ್ನೂ ಅರ್ಧ ಹಸಿ.

ಸಾಲನ್ನು ನಾಲ್ಕಡಿ ಸರಿಸಿ ಮತ್ತೆ ಲೆಕ್ಕ ಹಾಕಿದೆ.
ಸಂಜೆಯ ನೆರಳು ಒಂದಿಷ್ಟು ಬೇಗ ಮುಟ್ಟುತ್ತದೆ.
ಹನ್ನೊಂದು ಯೂನಿಟ್. ಎರಡು ಮಗ್ಗಕ್ಕೆ
ಎಂಟು ತಾಸಿನಲ್ಲಿ ನಲವತ್ತು ನಿಮಿಷ ಕಡಿಮೆ.

'ಉಣ್ಣಾಕ ಮಗ್ಗಾ ಬಂದ್ ಇಡೂದನ ಅಷ್ಟೊತ್ತು,'
ಎನ್ನುತ್ತ ಆಕೆ ಸಂಡಿಗೆ ಮಗುಚಲು ಕುಳಿತಳು.

ಆಫೀಸಿಗೆ ಹೋಗಿ ಫಾರಂ ತುಂಬಿದೆ.
ಅರ್ಧ ಯೂನಿಟ್ ನಷ್ಟ. ಕಾರಣ?
ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು,
ಬರೆದೆ: ಸಂಡಿಗೆ.