ಹಿಂಬದಿ

ಮೂವತ್ತೊಂದು ವರ್ಷ ಒಂದೇ ಮಗ್ಗುಲಲ್ಲಿ
ಮಲಗಿತ್ತು ಈ ಹಾಡಿನ ತಟ್ಟೆ.
ಗ್ಲಾಸ್ಗೋದ ನಾಲ್ಕನೇ ಮಹಡಿಯಲ್ಲಿ ಸೆಂಗಾ
ಧೂಳೊರೆಸಲೆಂದು ಮಗುಚಿದಳು.

ಮುಂಬದಿ ಗೊತ್ತಿದ್ದದ್ದೇ: ಊರೆಲ್ಲ ಕುಣಿದದ್ದು,
ಅವಳ ಮದುವೆಯಲ್ಲೇ ಎರಡು ಸಲ.
ಸವೆದ ಗೆರೆಗಳಲ್ಲೀಗ ಬರೀ ಚರಚರ.

ಈ ಬದಿ ಇನ್ನೂ ಕನ್ನಡಿ. ಮುಳ್ಳಿಟ್ಟಳು.
ಯಾರೋ ಕೆಮ್ಮಿದರು. ಕುರ್ಚಿ ಕಿರುಗುಟ್ಟಿತು.
ಆಮೇಲೆ ಹಾಡಿದ್ದು ಡ್ರಮ್ಮಿನವನು,
ಫೋಟೋಗಳಲ್ಲಿ ಯಾವಾಗಲೂ ಅರ್ಧ ಕತ್ತರಿಸಿಹೋಗುವವ,
ಶ್ರುತಿಗೆ ಕೂದಲೆಳೆಯಷ್ಟು ಕೆಳಗೆ,
ಹಡಗುಕಟ್ಟೆ ಮುಚ್ಚಿದ ದಿನ ಅಪ್ಪ
ಬೂಟು ಬಿಚ್ಚದೆ ಕೂತಿದ್ದರ ಬಗ್ಗೆ.

ಅವಳಪ್ಪನೂ ಹಾಗೇ ಕೂತಿದ್ದ.
ಅಜ್ಜಿಯ ಆಗ್ನೆಸ್ ಎಂಬ ಹೆಸರನ್ನು
ಅಕ್ಷರ ಹಿಂದುಮುಂದು ಮಾಡಿ
ಇವಳಿಗಿಟ್ಟವನು.

ಎರಡು ನಿಮಿಷ, ಹತ್ತು ಸೆಕೆಂಡು.
'ಯಾರದು ಹಾಡೋದು?' ಒಳಗಿಂದ ಗಂಡ.
'ನಮ್ಮವರೇ' ಅಂದಳು,
ಮುಳ್ಳನ್ನು ಮತ್ತೆ ಅಂಚಿಗೆ ತರುತ್ತ.